ಫೋನು ನೋಡಿದ ಐದು ಸೆಕೆಂಡಿಗೆ ಹೊಣೆ ಯಾರು?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2021ರಲ್ಲಿ ದೇಶದಲ್ಲಿ 4,12,432 ರಸ್ತೆ ಅಪಘಾತಗಳಾದವು, 1,53,972 ಜನ ಸತ್ತರು. ಅವರಲ್ಲಿ ಚಾಲನೆಯ ವೇಳೆ ಮೊಬೈಲ್ ಬಳಸಿದ ಕಾರಣಕ್ಕೆ ಆದ ಸಾವು 1,040. ನೂರಕ್ಕೆ ಒಂದೂ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹತ್ತು ನಿಮಿಷ ನಿಂತು ಹಾದುಹೋಗುವ ಗಾಡಿಗಳತ್ತ ಕಣ್ಣು ಹಾಯಿಸಿದ ಯಾರಿಗೂ ಈ ಅಂಕಿ ನಂಬಿಕೆ ಹುಟ್ಟಿಸುವುದಿಲ್ಲ. ಹೆಲ್ಮೆಟ್ಟಿನೊಳಗೆ ಫೋನು ತುರುಕಿಕೊಂಡವರು, ತೊಡೆಯ ಮೇಲೆ ಫೋನಿಟ್ಟು ಬೆರಳಾಡಿಸುವವರು, ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಕ್ರಿಕೆಟ್ ನೋಡುತ್ತಾ ಕ್ಲಚ್ಚು ಬಿಡುವವರು, ಎಲ್ಲರೂ ಅಲ್ಲಿ ಸಿಗುತ್ತಾರೆ.

ಅಂಕಿಯನ್ನು ಯಾರೋ ತಿದ್ದಿದ್ದಾರೆ ಎಂದಲ್ಲ. ಅದು ಪೊಲೀಸರು ಬರೆದುಕೊಂಡದ್ದರ ಮೊತ್ತ, ಅಷ್ಟೆ. ಕುಡಿದವನ ಬಾಯಿ ವಾಸನೆ ಹೊಡೆಯುತ್ತದೆ, ಯಂತ್ರಕ್ಕೆ ಊದಿಸಿದರೆ ಪ್ರಮಾಣವೂ ಗೊತ್ತಾಗುತ್ತದೆ. ಫೋನು ನೋಡುತ್ತಿದ್ದವನು ಡಿಕ್ಕಿಯಾದ ಮರುಕ್ಷಣ ಅದನ್ನು ಜೇಬಿಗಿಳಿಸಿದರೆ ಮುಗಿಯಿತು. ಠಾಣೆಯ ದೂರಿನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂಬ ಸಿದ್ಧ ಸಾಲು ಬಂದು ಕೂರುತ್ತದೆ. ಎಫ್‌ಐಆರಿನಿಂದ ಅದು ಚಾರ್ಜ್‌ಶೀಟಿಗೆ ಇಳಿಯುತ್ತದೆ, ಅಲ್ಲಿಂದ ವರ್ಷದ ಅಂಕಿಅಂಶಕ್ಕೆ. ಅಜಾಗರೂಕತೆ ಏಕಾಯಿತು, ಆ ಹೊತ್ತಿನಲ್ಲಿ ಚಾಲಕನ ಕಣ್ಣು ಎಲ್ಲಿತ್ತು ಎಂದು ಕೇಳುವವರು ಕಡಿಮೆ.

ಈ ವಿಷಯದಲ್ಲಿ ನಮ್ಮ ಚರ್ಚೆಯೆಲ್ಲ ದಂಡ ಎಷ್ಟಿರಬೇಕು, ಜೈಲು ಎಷ್ಟು ವರ್ಷ ಎಂಬುದರ ಸುತ್ತಲೇ ತಿರುಗುತ್ತದೆ. ನನ್ನ ಪ್ರಕಾರ ಕಾನೂನಿನ ಪುಸ್ತಕದಲ್ಲಿ ಶಿಕ್ಷೆಗೆ ಬರವಿಲ್ಲ. ಬರ ಇರುವುದು ಸಾಕ್ಷ್ಯಕ್ಕೆ. ಆ ಸಾಕ್ಷ್ಯವೋ ಕೆಲವೇ ವಾರಗಳಲ್ಲಿ ಅಳಿಸಿಹೋಗುವಂಥದ್ದು. ಸಾವಿನ ಸೂತಕ ಕಳೆದು, ಆಸ್ಪತ್ರೆಯ ಬಿಲ್ಲು ತೀರಿಸಿ, ಮನೆಯವರು ವಕೀಲರನ್ನು ಹುಡುಕಿಕೊಂಡು ಹೋಗುವ ಹೊತ್ತಿಗೆ ಅದರ ಅರ್ಧಪಾಲು ಇರುವುದೇ ಇಲ್ಲ.

ಮೊದಲು ಅಪಾಯದ ಅಳತೆ ನೋಡೋಣ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಬಂದ ಸಂದೇಶ ಓದಿ ‘ಓಕೆ’ ಒತ್ತಲು ಐದು ಸೆಕೆಂಡು ಹಿಡಿದರೆ ಅಷ್ಟರಲ್ಲಿ 83 ಮೀಟರ್ ಹೋಗಿರುತ್ತದೆ. ಸಾಲಾಗಿ ನಿಂತ ಏಳು ಬಿಎಂಟಿಸಿ ಬಸ್ಸುಗಳಷ್ಟು ದೂರ, ಮುಂದೆ ಏನಿದೆಯೆಂದು ನೋಡದೆಯೇ. ಕೆನಡಾದ ಟೊರೊಂಟೊ ನಗರದಲ್ಲಿ 699 ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕರೆಯಲ್ಲಿದ್ದಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ ಎಂದು ಕಂಡಿತು. ಫೋನನ್ನು ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ ಎಂಬುದು ಅದೇ ಅಧ್ಯಯನದ ಇನ್ನೊಂದು ಮಾತು. ಕೈ ಖಾಲಿ ಇದ್ದರೂ ತಲೆ ಖಾಲಿ ಇರುವುದಿಲ್ಲ.

ಕಾನೂನು ಮಾತ್ರ ಇನ್ನೂ ಕೈಯನ್ನೇ ನೋಡುತ್ತಿದೆ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿಗೆ ಒಂದು ವಿವರಣೆ ಸೇರಿತು. ಕೆಂಪು ದೀಪ ದಾಟುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಇವುಗಳ ಜತೆ ‘ಕೈಯಲ್ಲಿ ಹಿಡಿಯುವ ಸಂವಹನ ಸಾಧನ’ ಬಳಸುವುದೂ ಅಪಾಯಕಾರಿ ಚಾಲನೆಯೇ ಎಂದಾಯಿತು. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. 2020ರ ಅಕ್ಟೋಬರಿನಲ್ಲಿ ನಿಯಮಗಳಿಗೆ ಇನ್ನೊಂದು ತಿದ್ದುಪಡಿ ಬಂತು: ದಾರಿ ನೋಡುವುದಕ್ಕೆ ಮಾತ್ರ ಫೋನು ಬಳಸಬಹುದು, ಅದೂ ಚಾಲಕನ ಗಮನ ಕೆಡದ ಹಾಗೆ.

ಓದಿದರೆ ಬಿಗಿಯಾಗಿಯೇ ಇದೆ. ಆದರೆ ಅದೇ ಕಾಯ್ದೆಯ 200ನೇ ಸೆಕ್ಷನ್ನು ತೆರೆಯಿರಿ. ಸ್ಥಳದಲ್ಲೇ ಹಣ ಕಟ್ಟಿ ಮುಗಿಸಿಕೊಳ್ಳಬಹುದಾದ ತಪ್ಪುಗಳ ಪಟ್ಟಿ ಅಲ್ಲಿದೆ. 184ರ ಅಪಾಯಕಾರಿ ಚಾಲನೆಯ ಪೈಕಿ ಈ ಪಟ್ಟಿಗೆ ಸೇರಿರುವುದು ಒಂದೇ ಒಂದು, ಮೊಬೈಲ್ ಬಳಕೆ. ಕೆಂಪು ದೀಪ ದಾಟಿದ್ದನ್ನು 184ರಡಿ ಹಾಕಿದರೆ ನ್ಯಾಯಾಲಯಕ್ಕೆ ಹೋಗಬೇಕು, ಫೋನು ನೋಡಿದ್ದಕ್ಕೆ ರಸೀದಿ ಸಾಕು. ಆರು ತಿಂಗಳ ಜೈಲು ಎಂಬ ಮಾತು ಬಹುತೇಕರ ಪಾಲಿಗೆ ರಸೀದಿಯ ಮೊತ್ತಕ್ಕೆ ಇಳಿದುಬಿಡುವುದು ಇದರಿಂದಲೇ.

ಇದು ಯಾರಿಗೂ ಪೆಟ್ಟಾಗದಿದ್ದಾಗಿನ ಮಾತು. ಪೆಟ್ಟಾದರೆ ವಿಷಯ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಗೆ ಹೋಗುತ್ತದೆ. ದುಡುಕಿನ ಚಾಲನೆಗೆ 281ನೇ ಸೆಕ್ಷನ್, ಗಾಯವಾದರೆ 125. ಗಾಯ ಗಂಭೀರವಾಗಿದ್ದರೆ ಮೂರು ವರ್ಷದವರೆಗೆ ಜೈಲು. ಸಾವಾದರೆ 106(1): ಹಳೆಯ ದಂಡಸಂಹಿತೆಯ 304ಎ ಸೆಕ್ಷನ್ನಿನಲ್ಲಿ ಎರಡು ವರ್ಷವಿದ್ದ ಗರಿಷ್ಠ ಶಿಕ್ಷೆ ಇಲ್ಲಿ ಐದು ವರ್ಷಕ್ಕೆ ಏರಿದೆ. ಪೊಲೀಸರಿಗೆ ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಜೈಲು ಎನ್ನುವ 106(2) ಲಾರಿ ಚಾಲಕರ ಮುಷ್ಕರದ ನಂತರ ತಡೆಹಿಡಿಯಲ್ಪಟ್ಟಿತು. ಉಳಿದ ಸಂಹಿತೆ ಜಾರಿಗೆ ಬಂದ ದಿನ ಅದೊಂದನ್ನು ಬಿಡಲಾಯಿತು.

‘ಫೋನು ನೋಡಿ ಕೊಂದವನ ಮೇಲೆ ಕೊಲೆ ಕೇಸು ಹಾಕಬಾರದೇಕೆ’ ಎಂಬ ಪ್ರಶ್ನೆ ಪ್ರತಿ ದೊಡ್ಡ ಅಪಘಾತದ ಮಾರನೇ ದಿನ ಏಳುತ್ತದೆ. ಕೊಲೆಗೆ ಸಾಮಾನ್ಯವಾಗಿ ಉದ್ದೇಶ ಬೇಕು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ‘ಕೊಲೆಯಲ್ಲದ ನರಹತ್ಯೆ’ಗೆ, ಸಾವು ಸಂಭವಿಸಬಹುದು ಎಂಬ ಅರಿವಾದರೂ ಇರಬೇಕು. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರಿನಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು ಏಳು ಜನ ಸತ್ತ ಪ್ರಕರಣದಲ್ಲಿ, ಕುಡಿದು ಓಡಿಸಿದ ಚಾಲಕನಿಗೆ ಆ ಅರಿವಿತ್ತು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಒಪ್ಪಿ ಮೂರು ವರ್ಷದ ಶಿಕ್ಷೆಯನ್ನು ಎತ್ತಿಹಿಡಿಯಿತು. ಬಂದ ಕರೆಗೆ ಕೈಚಾಚಿದವನನ್ನು ಆ ಸಾಲಿಗೆ ಸೇರಿಸುವುದು ಕಷ್ಟ. ಆದರೆ ಹೆದ್ದಾರಿಯಲ್ಲಿ ನೂರು ದಾಟಿದ ವೇಗದಲ್ಲಿ ಸ್ಪೀಡೊಮೀಟರನ್ನೇ ತೋರಿಸುತ್ತಾ ರೀಲು ಚಿತ್ರೀಕರಿಸುವವನು ‘ನನಗೆ ಅಪಾಯದ ಅರಿವಿರಲಿಲ್ಲ’ ಎಂದರೆ ಯಾವ ನ್ಯಾಯಾಧೀಶರೂ ಸುಲಭಕ್ಕೆ ಒಪ್ಪಬಾರದು.

ಈಗ ಸಾಮಾನ್ಯ ಕುಟುಂಬಗಳು ಅತಿ ಹೆಚ್ಚು ಗೊಂದಲಪಡುವ ಜಾಗಕ್ಕೆ ಬರೋಣ. ಒಂದು ಅಪಘಾತಕ್ಕೆ ಎರಡು ಕೇಸು. ಮೊದಲನೆಯದನ್ನು ಸರ್ಕಾರ ಚಾಲಕನ ಮೇಲೆ ನಡೆಸುತ್ತದೆ, ಶಿಕ್ಷೆಗಾಗಿ. ಎರಡನೆಯದನ್ನು ನೊಂದವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹಾಕಬೇಕು, ಹಣಕ್ಕಾಗಿ. ನಮ್ಮ ನ್ಯಾಯಾಲಯಗಳ ಆವರಣದಲ್ಲಿ ‘ಎಂವಿಸಿ ಕೇಸು’ ಎನ್ನುವುದು ಇದನ್ನೇ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದವರು, ಜಿಲ್ಲೆಗಳಲ್ಲಿ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರು ಇವನ್ನು ವಿಚಾರಿಸುತ್ತಾರೆ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ತುಮಕೂರಿನ ಹತ್ತಿರ ಪೆಟ್ಟಾದ ಬೀದರಿನವರು ತುಮಕೂರಿಗೆ ಅಲೆಯಬೇಕಿಲ್ಲ.

ಎರಡೂ ಕಡೆ ತಕ್ಕಡಿ ಬೇರೆ. ಮೊದಲನೆಯದರಲ್ಲಿ ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಎರಡನೆಯದರಲ್ಲಿ ‘ಹೀಗೇ ಆಗಿರುವ ಸಂಭವ ಹೆಚ್ಚು’ ಎಂದು ತೋರಿದರೆ ಸಾಕು. ಹಾಗಾಗಿ ಚಾಲಕ ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬೀಳುವುದಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲೇ ಇದನ್ನು ಸ್ಪಷ್ಟಪಡಿಸಿದ್ದರು. ಆ ಪ್ರಕರಣದಲ್ಲಿ ಬಸ್ಸಿನ ಚಾಲಕ ಖುಲಾಸೆಯಾಗಿದ್ದ, ಪರಿಹಾರ ಮಾತ್ರ ನಿಂತಿತು. ‘ಕ್ರಿಮಿನಲ್ ಕೇಸು ಮುಗಿಯಲಿ, ಆಮೇಲೆ ನೋಡೋಣ’ ಎಂದು ಕಾಯುವ ಮನೆಯವರು ಅನಗತ್ಯವಾಗಿ ವರ್ಷಗಳನ್ನು ಕಳೆದುಕೊಳ್ಳುತ್ತಾರೆ.

ಹಣ ಹೇಗೆ ಲೆಕ್ಕವಾಗುತ್ತದೆ? ಒಂದು ಕಾಲ್ಪನಿಕ ಸಂಸಾರ ಇಟ್ಟುಕೊಳ್ಳೋಣ. 34 ವರ್ಷದ ಬಡಗಿ, ಸ್ವಂತ ಕೆಲಸ, ತಿಂಗಳಿಗೆ 20,000 ರೂಪಾಯಿ ಆದಾಯ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಆತನನ್ನೇ ನಂಬಿದವರು. ವರ್ಷದ ಆದಾಯ 2,40,000. ಮುಂದೆ ಸಂಪಾದನೆ ಹೆಚ್ಚುತ್ತಿತ್ತು ಎಂದು ನಲವತ್ತರೊಳಗಿನ ಸ್ವಂತ ಉದ್ಯೋಗಿಗೆ ಶೇ 40 ಸೇರಿಸಬೇಕು ಎನ್ನುತ್ತದೆ ಸುಪ್ರೀಂ ಕೋರ್ಟಿನ 2017ರ ಸಂವಿಧಾನ ಪೀಠದ ತೀರ್ಪು. ಅಲ್ಲಿಗೆ 3,36,000. ಅವಲಂಬಿತರು ನಾಲ್ವರಿದ್ದಾರೆ, ಆತನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ 2,52,000. 31ರಿಂದ 35ರ ವಯಸ್ಸಿಗೆ ಅದೇ ಕೋರ್ಟಿನ 2009ರ ತೀರ್ಪು ನಿಗದಿ ಮಾಡಿದ ಗುಣಕ 16. ಗುಣಿಸಿದರೆ 40,32,000 ರೂಪಾಯಿ. ಇದರ ಮೇಲೆ ಅಂತ್ಯಸಂಸ್ಕಾರದ ವೆಚ್ಚ, ಕುಟುಂಬದವರು ಆತನ ಸಾಂಗತ್ಯ ಕಳೆದುಕೊಂಡದ್ದಕ್ಕೆ ನಿಗದಿತ ಮೊತ್ತ, ಅರ್ಜಿ ಹಾಕಿದ ದಿನದಿಂದ ಬಡ್ಡಿ.

ಗಾಯಾಳುಗಳ ಲೆಕ್ಕ ಇನ್ನೂ ಸೂಕ್ಷ್ಮ. ವೈದ್ಯರು ಬರೆದುಕೊಡುವ ಅಂಗವಿಕಲತೆಯ ಶೇಕಡಾವಾರು ಒಂದು, ಅದರಿಂದ ದುಡಿಮೆಗೆ ಬಿದ್ದ ಪೆಟ್ಟು ಇನ್ನೊಂದು. ಎಡಗೈ ಹೋದ ಸರ್ಕಾರಿ ಗುಮಾಸ್ತ ಕೆಲಸದಲ್ಲಿ ಉಳಿಯಬಹುದು, ಅದೇ ಕೈ ಹೋದ ಬಡಗಿಯ ದುಡಿಮೆ ಪೂರ್ತಿ ಹೋದಂತೆ ಎಂದು ಸುಪ್ರೀಂ ಕೋರ್ಟ್ 2010ರ ದಶಕದ ಆರಂಭದಲ್ಲೇ ವಿವರಿಸಿತ್ತು. ನಮ್ಮ ರಾಜ್ಯದಿಂದ ಹೋದ ಒಂದು ಪ್ರಕರಣ ನೆನಪಿಡುವಂಥದ್ದು. ಬಲಗಾಲು ಕಳೆದುಕೊಂಡ ತರಕಾರಿ ವ್ಯಾಪಾರಿ ಕೂತಲ್ಲೇ ವ್ಯಾಪಾರ ಮಾಡಬಹುದು ಎಂಬ ಧಾಟಿಯಲ್ಲಿ ಹೈಕೋರ್ಟ್ ನಷ್ಟವನ್ನು ಶೇ 65ಕ್ಕೆ ನಿಲ್ಲಿಸಿತ್ತು. ತರಕಾರಿ ಮಾರುವವರು ಓಡಾಡಬೇಕಾಗುತ್ತದೆ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಶೇ 85ಕ್ಕೆ ಏರಿಸಿತು. ಆದಾಯಕ್ಕೆ ಚೀಟಿ ಇಲ್ಲವೆಂದು ಅರ್ಜಿ ಹಾಕದೆ ಕೂರುವವರಿಗೂ ಅದರಲ್ಲಿ ಪಾಠವಿದೆ: ಲಿಖಿತ ಪುರಾವೆ ಇಲ್ಲದಿದ್ದರೂ ತಿಂಗಳಿಗೆ 6,500 ರೂಪಾಯಿ ಆದಾಯವನ್ನು ನ್ಯಾಯಾಲಯ ಒಪ್ಪಿಕೊಂಡಿತು.

ಫೋನಿನ ಮಾತಿಗೂ ಈ ಲೆಕ್ಕಕ್ಕೂ ಏನು ಸಂಬಂಧ? ಇಲ್ಲೇ ಇರುವುದು. ವಿಮಾ ಕಂಪನಿಯ ವಕೀಲರು ಬಳಸುವ ದೊಡ್ಡ ಆಯುಧವೆಂದರೆ ‘ಸತ್ತವನದೂ ತಪ್ಪಿತ್ತು’ ಎಂಬ ವಾದ. ಬಡಗಿಯೂ ಶೇ 20ರಷ್ಟು ಹೊಣೆ ಎಂದು ನ್ಯಾಯಮಂಡಳಿ ಒಪ್ಪಿದರೆ 40,32,000ದಲ್ಲಿ 8,06,400 ಒಂದೇ ಏಟಿಗೆ ಕಡಿತ. ಎದುರಿನ ಕಾರಿನವನು ಆ ಗಳಿಗೆಯಲ್ಲಿ ಕರೆಯಲ್ಲಿದ್ದ ಎಂಬ ದಾಖಲೆ ಕಡತದಲ್ಲಿದ್ದರೆ ಆ ವಾದದ ಕಾಲು ಮುರಿಯುತ್ತದೆ. ಫೋನಿನ ಸಾಕ್ಷ್ಯಕ್ಕೆ ರೂಪಾಯಿಯಲ್ಲೂ ಬೆಲೆಯಿದೆ ಎಂದಾಯಿತು. ಇದು ತಿರುಗುಬಾಣವೂ ಹೌದು. ಬೈಕಿನಲ್ಲಿ ಹೋಗುತ್ತಿದ್ದ ನಿಮ್ಮವರೇ ಕರೆಯಲ್ಲಿದ್ದರೆ ಕಂಪನಿಯವರು ಅದೇ ದಾಖಲೆಯನ್ನು ತರಿಸಿಯಾರು. ಫೋನು ನೋಡುತ್ತಾ ರಸ್ತೆ ದಾಟಿದ ಪಾದಚಾರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗೆಂದು ನಿಯಮ ಮುರಿದವರ ಪರಿಹಾರವೆಲ್ಲ ತಾನಾಗಿ ಕಡಿತವಾಗುವುದಿಲ್ಲ. ಬೈಕಿನಲ್ಲಿ ಮೂವರಿದ್ದರು ಎಂಬುದಷ್ಟೇ ಸಾಲದು, ಅಪಘಾತಕ್ಕೆ ಅಥವಾ ಪೆಟ್ಟಿಗೆ ಅದು ಕಾರಣವಾಯಿತೇ ಎಂದು ನೋಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಣೆ ಹಂಚುವ ಪರಿ ಹೇಗಿರುತ್ತದೆ ಎಂಬುದಕ್ಕೆ ತಮಿಳುನಾಡಿನ ಒಂದು ಪ್ರಕರಣ ನೋಡಿ. ಹೆದ್ದಾರಿಯಲ್ಲಿ ಕಾರೊಂದು ಯಾವ ಸೂಚನೆಯೂ ಇಲ್ಲದೆ ತಟ್ಟನೆ ನಿಂತಿತು. ಜತೆಗಿದ್ದ ಗರ್ಭಿಣಿ ಹೆಂಡತಿಗೆ ವಾಂತಿ ಬಂದಂತಾಯಿತು ಎಂಬುದು ಚಾಲಕನ ಉತ್ತರ. ಹಿಂದೆ ಬೈಕಿನಲ್ಲಿದ್ದ ವಿದ್ಯಾರ್ಥಿ ಕಾರಿಗೆ ಗುದ್ದಿ ಬಿದ್ದ, ಹಿಂದಿನಿಂದ ಬಂದ ಬಸ್ಸು ಕಾಲಿನ ಮೇಲೆ ಹರಿಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಾರಿನವನ ಪಾಲು ಶೇ 50, ಬಸ್ಸಿನದು 30, ವಿದ್ಯಾರ್ಥಿಯದೇ 20 ಎಂದು ತೀರ್ಮಾನಿಸಿತು. ಕಾರಿನವನ ಗಾಬರಿ ಮನುಷ್ಯಸಹಜವೇ. ಆದರೆ ಸಹಜವಾದ ಕಾರಣವಿದ್ದರೂ ಹೊಣೆ ತಪ್ಪುವುದಿಲ್ಲ. ಹಿಂದಿನ ಸೀಟಿನಲ್ಲಿ ಮಗು ಅತ್ತಿತು, ನೀರಿನ ಬಾಟಲಿ ಕಾಲಡಿ ಉರುಳಿತು, ಬಾಸ್ ಮೂರು ಸಲ ಫೋನು ಮಾಡಿದರು ಎಂಬ ಉತ್ತರಗಳಿಗೂ ಇದೇ ಗತಿ. ಬ್ಲೂಟೂತಿನಲ್ಲಿ ಮಾತಾಡುತ್ತಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ ಎಂಬುದು 184ರ ಆ ವಿವರಣೆಯಿಂದ ತಪ್ಪಿಸಬಹುದೇನೋ. ಪರಿಹಾರದ ನ್ಯಾಯಮಂಡಳಿ ಕೇಳುವುದು ರಸ್ತೆಯ ಮೇಲೆ ಗಮನವಿತ್ತೇ ಎಂದು ಮಾತ್ರ.

ತೀರ್ಪಾದ ಹಣ ಕೊಡುವವರು ಯಾರು? ಕಾಗದದಲ್ಲಿ ಮೂವರು: ಚಾಲಕ, ಮಾಲೀಕ, ವಿಮಾ ಕಂಪನಿ. ಕೈಯಿಂದ ಬಿಚ್ಚುವುದು ಸಾಮಾನ್ಯವಾಗಿ ಕಂಪನಿ. ಮಾಲೀಕ ಆ ದಿನ ಗಾಡಿಯಲ್ಲೇ ಇರದಿದ್ದರೂ, ಡ್ರೈವರು ಕೆಲಸದ ಮೇಲೆ ಹೊರಟಾಗ ಮಾಡಿದ ತಪ್ಪಿಗೆ ಮಾಲೀಕ ಹೊಣೆ. ಗಾಡಿ ಮಾರಿ ಆರ್‌ಸಿ ವರ್ಗಾಯಿಸದೆ ಬಿಟ್ಟವರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಗಾಡಿ ಎಷ್ಟು ಕೈ ಬದಲಾಯಿಸಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

‘ಫೋನಿನಲ್ಲಿದ್ದ ಎಂದು ನಾವೇ ಸಾಬೀತು ಮಾಡಿದರೆ ಕಂಪನಿ ದುಡ್ಡು ಕೊಡಲ್ಲ ಅಂದುಬಿಟ್ಟರೆ?’ ಎಂಬ ಅಳುಕು ಇರುವುದುಂಟು. ಇದಕ್ಕೆ ಆಧಾರವಿಲ್ಲ. ಮೂರನೇ ವ್ಯಕ್ತಿಗೆ, ಅಂದರೆ ಆ ಗಾಡಿಯಿಂದ ಪೆಟ್ಟು ತಿಂದ ಹೊರಗಿನವರಿಗೆ, ಹಣ ನಿರಾಕರಿಸಲು ಕಂಪನಿ ಮುಂದಿಡಬಹುದಾದ ಕಾರಣಗಳನ್ನು ಮೋಟಾರು ವಾಹನ ಕಾಯ್ದೆಯ 150ನೇ ಸೆಕ್ಷನ್ ಪಟ್ಟಿಮಾಡಿದೆ. ಲೈಸೆನ್ಸ್ ಇಲ್ಲದಿರುವುದು, ಕುಡಿದಿರುವುದು, ಪ್ರೀಮಿಯಂ ಕಟ್ಟದಿರುವುದು ಅದರಲ್ಲಿವೆ; ಫೋನು ಬಳಸಿದ್ದು ಅದರಲ್ಲಿಲ್ಲ. ನಿರ್ಲಕ್ಷ್ಯದಿಂದ ಆಗುವ ನಷ್ಟವನ್ನು ತುಂಬಲೆಂದೇ ಇರುವ ವಿಮೆ ಅದು.

ಇನ್ನು ಸಾಕ್ಷ್ಯ. ನೊಂದವರಿಗೆ ನಿಜವಾಗಿ ಕೈಗೆ ಸಿಗುವುದು ಏನು?

ಮೊದಲನೆಯದು ಕರೆ ವಿವರಗಳ ದಾಖಲೆ, ಪೊಲೀಸರ ಬಾಯಲ್ಲಿ ಸಿಡಿಆರ್. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಗಂಟೆಗೆ, ಎಷ್ಟು ಸೆಕೆಂಡು, ಯಾವ ಟವರಿನಡಿ ಎಂಬುದೆಲ್ಲ ಅದರಲ್ಲಿರುತ್ತದೆ. ಇದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು ಎಂದು 2021ರ ಕೊನೆಯಲ್ಲಿ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ವಿಧಿಸಿದೆ. ಇನ್ನೊಬ್ಬರ ಸಿಡಿಆರ್ ನಿಮಗೆ ನೇರ ಸಿಗದು, ಸಿಗಬಾರದು ಕೂಡ. ತನಿಖಾಧಿಕಾರಿ ತರಿಸಬಹುದು. ಅವರು ತರಿಸದಿದ್ದರೆ, ದಾಖಲೆ ತರಿಸುವ ವಿಷಯದಲ್ಲಿ ನ್ಯಾಯಮಂಡಳಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವೇ ಇದೆ. ನಿಮ್ಮ ವಕೀಲರು ಅಲ್ಲಿ ಅರ್ಜಿ ಹಾಕಿ ಮೊಬೈಲ್ ಕಂಪನಿಗೆ ಸಮನ್ಸ್ ಕೇಳಬಹುದು. ಬರುವ ಮುದ್ರಿತ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರದ ಪ್ರಮಾಣಪತ್ರ ಜತೆಗಿರಬೇಕು. ಅದಿಲ್ಲದೆ ಎದುರಿನವರ ಮೊದಲ ಆಕ್ಷೇಪಕ್ಕೇ ದಾಖಲೆ ಬಿದ್ದುಹೋಗುವ ಅಪಾಯವಿದೆ.

ಸಿಡಿಆರ್ ಸಿಕ್ಕರಷ್ಟೇ ಸಾಲದು, ಸಮಯ ತಾಳೆಯಾಗಬೇಕು. ಎಫ್‌ಐಆರಿನಲ್ಲಿ ‘ರಾತ್ರಿ ಸುಮಾರು 8.30ಕ್ಕೆ’ ಎಂದಿರುತ್ತದೆ. ಆ ‘ಸುಮಾರು’ ಎಂಬುದರೊಳಗೆ ಇಡೀ ಕೇಸು ಕರಗಿಹೋಗಬಲ್ಲದು. ಅಪಘಾತದ ನಿಖರ ನಿಮಿಷಕ್ಕೆ ಒಳ್ಳೆಯ ಆಧಾರ 108 ಅಥವಾ 112ಕ್ಕೆ ದಾರಿಹೋಕರು ಮಾಡಿದ ಮೊದಲ ಕರೆ. ಚಾಲಕನ ಕರೆ 8.41ಕ್ಕೆ ತುಂಡಾಗಿ, 8.42ಕ್ಕೆ ಆಂಬುಲೆನ್ಸಿಗೆ ಕರೆ ಹೋಗಿದ್ದರೆ ಆ ಎರಡು ಸಾಲುಗಳೇ ಸಾಕಷ್ಟು ಹೇಳುತ್ತವೆ.

ವಾಟ್ಸ್ಆ್ಯಪ್ ಕರೆ, ಸಂದೇಶ, ರೀಲು ಇವು ಸಿಡಿಆರ್‌ನಲ್ಲಿ ಕರೆಯಾಗಿ ಕಾಣುವುದಿಲ್ಲ. ಅದಕ್ಕೆ ಫೋನನ್ನೇ ವಶಪಡಿಸಿಕೊಂಡು ತಜ್ಞರಿಗೆ ಕಳಿಸಬೇಕು. ಪೊಲೀಸರು ಹಾಗೆಲ್ಲ ಫೋನು ಕಿತ್ತುಕೊಂಡು ಬಿಚ್ಚುವಂತಿಲ್ಲ. ಶೋಧಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ಬೇಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ಖಾಸಗಿತನದ ದೃಷ್ಟಿಯಿಂದ ಅದು ಸರಿಯೇ. ವಾರಂಟು ಕೇಳುವ ಶ್ರಮವನ್ನು ಅಪಘಾತದ ಕಡತಕ್ಕೆ ಯಾರು ವಹಿಸುತ್ತಾರೆ ಎಂಬುದು ಬೇರೆ ಪ್ರಶ್ನೆ.

ಎಲ್ಲಕ್ಕಿಂತ ಬೇಗ ಹಾಳಾಗುವುದು ಸಿಸಿಟಿವಿ ದೃಶ್ಯ. ಪೆಟ್ರೋಲ್ ಬಂಕು, ಬೇಕರಿ, ಅಪಾರ್ಟ್‌ಮೆಂಟಿನ ಗೇಟು ಇವುಗಳ ಕ್ಯಾಮೆರಾದಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತಾ ಹೋಗುತ್ತದೆ. ಕೆಲವು ಕಡೆ ತಿಂಗಳು ಉಳಿದರೆ ಕೆಲವು ಕಡೆ ವಾರವೂ ಉಳಿಯದು. ಬೆಂಗಳೂರಿನ ಜಂಕ್ಷನ್ನುಗಳಲ್ಲೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಪೊಲೀಸರ ಕ್ಯಾಮೆರಾಗಳು ಚಾಲಕರ ತಪ್ಪು ಗುರುತಿಸಿ ದಂಡದ ನೋಟಿಸು ಕಳಿಸುತ್ತಿವೆ. ದಂಡಕ್ಕೆ ಉಪಯೋಗಕ್ಕೆ ಬರುವ ಚಿತ್ರ ಸಾವಿನ ತನಿಖೆಗೂ ಬರಬೇಕು, ಬರುವಂತೆ ಬರೆದು ಕೇಳಬೇಕು.

ಉಳಿದದ್ದು ಸ್ಥಳ ಮಹಜರು. ಬ್ರೇಕಿನ ಗುರುತು ರಸ್ತೆಯ ಮೇಲಿದೆಯೇ, ಇದ್ದರೆ ಡಿಕ್ಕಿಗೆ ಎಷ್ಟು ಮೊದಲಿನಿಂದ? ನೇರ ರಸ್ತೆ, ಒಳ್ಳೆಯ ಬೆಳಕು, ಬ್ರೇಕು ಸರಿಯಿತ್ತು ಎಂದು ಮೋಟಾರು ವಾಹನ ನಿರೀಕ್ಷಕರ ವರದಿ ಹೇಳುತ್ತದೆ, ಆದರೂ ಬ್ರೇಕು ಒತ್ತಿದ ಕುರುಹಿಲ್ಲ ಎಂದರೆ ಚಾಲಕ ಎದುರಿಗಿದ್ದದ್ದನ್ನು ನೋಡಲೇ ಇಲ್ಲ ಎಂಬ ಊಹೆಗೆ ಬಲ ಬರುತ್ತದೆ. ಸಿಡಿಆರ್ ಒಂದೇ ಇದ್ದರೆ ‘ಫೋನು ಪಕ್ಕದ ಸೀಟಿನವರ ಕೈಯಲ್ಲಿತ್ತು’ ಎನ್ನುವ ದಾರಿಯಿರುತ್ತದೆ. ಸಿಡಿಆರ್, 108ರ ಸಮಯ, ಬ್ರೇಕಿನ ಗುರುತಿಲ್ಲದ ಮಹಜರು ಮೂರೂ ಒಟ್ಟಿಗೆ ಕೂತರೆ ಆ ದಾರಿ ಕಿರಿದಾಗುತ್ತದೆ. ಹಾಗಾಗಿ ಮೊದಲ ವಾರದಲ್ಲೇ ಮನೆಯವರಲ್ಲಿ ಓದು ಬರಹ ಬಲ್ಲ ಒಬ್ಬರು ಠಾಣೆಗೆ ಹೋಗಿ, ಚಾಲಕನ ಮೊಬೈಲ್ ಸಂಖ್ಯೆ ದಾಖಲಿಸಿ ಸಿಡಿಆರ್ ತರಿಸಬೇಕೆಂದೂ ಇಂತಿಂಥ ಕಡೆಯ ಸಿಸಿಟಿವಿ ದೃಶ್ಯ ವಶಕ್ಕೆ ಪಡೆಯಬೇಕೆಂದೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ಮನವಿಗೆ ಕಡತದಲ್ಲಿ ಜಾಗವಿಲ್ಲ.

ಅಪಘಾತ ಮಾಡಿದವನ ಮನೆಯ ಕಡೆಗೂ ಒಮ್ಮೆ ನೋಡಬೇಕು. 2014ರಲ್ಲಿ ಅರಸೀಕೆರೆಯ ದಾರಿಯಲ್ಲಿ ಕಾರು ಉರುಳಿ ಚಾಲಕ ತೀರಿಕೊಂಡ ಪ್ರಕರಣದಲ್ಲಿ ಹೆಂಡತಿ ಮಕ್ಕಳು ಪರಿಹಾರ ಕೇಳಿದ್ದರು. ಅಪಘಾತಕ್ಕೆ ಆತನ ದುಡುಕಿನ ಚಾಲನೆಯೇ ಕಾರಣವಾದ್ದರಿಂದ ಕರ್ನಾಟಕ ಹೈಕೋರ್ಟ್ ನಿರಾಕರಿಸಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಆ ತೀರ್ಪನ್ನು ಮುಟ್ಟಲಿಲ್ಲ. ತನ್ನ ತಪ್ಪಿಗೆ ತಾನೇ ಬಲಿಯಾದವನು ಮೂರನೇ ವ್ಯಕ್ತಿಯಲ್ಲ. ಮಾಲೀಕನೇ ಚಾಲಕನಾಗಿದ್ದರೆ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಉಂಟು. ಗೆಳೆಯನ ಕಾರು ಎರವಲು ತಂದವನಿಗೆ ಬೇರೆ ಪಾಲಿಸಿ ಇಲ್ಲದಿದ್ದರೆ ಅದೂ ಸಿಗುವುದು ಕಷ್ಟ.

ಬದುಕಿ ಉಳಿದ ಚಾಲಕನಿಗೆ ತಟ್ಟುವ ಬಿಸಿ ಎಷ್ಟು? ಪರಿಹಾರ ಕಂಪನಿ ಕೊಡುತ್ತದೆ, ಕ್ರಿಮಿನಲ್ ಕೇಸು ವರ್ಷಗಟ್ಟಲೆ ನಡೆಯುತ್ತದೆ. ಮುಂದಿನ ವರ್ಷದ ವಿಮೆಯ ಕಂತಾದರೂ ಏರೀತೇ? ಅದೂ ಇಲ್ಲ. ಮೂರನೇ ವ್ಯಕ್ತಿ ವಿಮೆಯ ದರವನ್ನು ಸರ್ಕಾರ ನಿಗದಿ ಮಾಡುತ್ತದೆ, ಅದೂ ಎಂಜಿನ್ನಿನ ಗಾತ್ರ ನೋಡಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯಂತೆ 1,000 ಸಿಸಿಯೊಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416. ಇಪ್ಪತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವರಿಗೂ ಫೋನು ನೋಡುತ್ತಾ ಒಬ್ಬರನ್ನು ಕೊಂದವರಿಗೂ ಒಂದೇ ಕಂತು. ಚಾಲಕನ ನಡವಳಿಕೆಗೂ ಅವನ ಜೇಬಿಗೂ ಕೊಂಡಿಯೇ ಇಲ್ಲದ ವ್ಯವಸ್ಥೆ ಇದು. ಜೈಲಿನ ವರ್ಷ ಹೆಚ್ಚಿಸುವುದಕ್ಕಿಂತ ಎರಡು ಸಣ್ಣ ಬದಲಾವಣೆ ಹೆಚ್ಚು ಕೆಲಸ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ: ಸಾವಿನ ಪ್ರತಿ ಅಪಘಾತದಲ್ಲೂ ಚಾಲಕನ ಸಿಡಿಆರ್ ತರಿಸುವುದು, ಮದ್ಯದ ಪರೀಕ್ಷೆಯಷ್ಟೇ ಮಾಮೂಲಿ ಕ್ರಮವಾಗಲಿ; ವಿಮೆಯ ಕಂತು ಗಾಡಿಯ ಜತೆ ಚಾಲಕನ ದಾಖಲೆಯನ್ನೂ ನೋಡಲಿ. ಮೊದಲನೆಯದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ, ರಾಜ್ಯದ ಪೊಲೀಸ್ ಮುಖ್ಯಸ್ಥರ ಒಂದು ಸುತ್ತೋಲೆ ಸಾಕು.

ಕೊನೆಗೆ ಗಡುವಿನ ಮಾತು. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕೆಂಬ ನಿಯಮ ಬಂದಿದೆ. ಇದರ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದಿದ್ದು, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಮಧ್ಯಂತರ ಆದೇಶವನ್ನು ನಂಬಿ ಕೂರಬೇಡಿ, ಆರು ತಿಂಗಳೊಳಗೇ ಹಾಕಿ. ಪೊಲೀಸರೂ 48 ಗಂಟೆಯೊಳಗೆ ಮೊದಲ ವರದಿಯನ್ನು, 90 ದಿನದೊಳಗೆ ಸವಿವರ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಕೊಟ್ಟಿದ್ದಾರೆಯೇ ಎಂದು ಕೇಳುವ ಹಕ್ಕು ನಿಮಗಿದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಅಲ್ಲಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ಸಹಾಯವಾಣಿಯ ಸಂಖ್ಯೆ 15100.